ಹುಟ್ಟು ಹಿಡಿದ ಕೈಗೆ ನೆನಪಿರುವ ಪದಗಳು: ಜಾನಪದ ಅಕಾಡೆಮಿಗೊಂದು ಬಹಿರಂಗ ಪತ್ರ

ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಮತ್ತು ಕೃಷ್ಣಾ, ಭೀಮಾ ದಂಡೆಯ ನನ್ನ ಜನರಿಗೆ,

ಶರಣು ಶರಣಾರ್ಥಿ.

ಸುರಪುರ ಸೀಮೆಯಲ್ಲಿ, ಕೃಷ್ಣೆಯ ದಂಡೆಯ ಒಂದು ಅಂಬಿಗರ ಮನೆಯಲ್ಲಿ ಹುಟ್ಟಿದವಳು ನಾನು. ಈಗ ಯಾದಗಿರಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ನಮ್ಮ ಮುತ್ಯಾ, ಅಂದರೆ ಅಜ್ಜ, ಮುತ್ಯಾನ ಅಪ್ಪ ಜೀವಮಾನವೆಲ್ಲ ಹರಗೋಲು ಎಂಬ ದುಂಡು ದೋಣಿ ಹಾಕಿ ಜನರನ್ನು ಹೊಳೆ ದಾಟಿಸಿದವರು. ಮನೆತನದಲ್ಲಿ ಕೊನೆಗೆ ಹುಟ್ಟು, ಅಂದರೆ ದೋಣಿ ನಡೆಸುವ ಕೋಲು, ಹಿಡಿದವರು ನಮ್ಮ ಕಾಕಾ. ಹುಟ್ಟು ಹಾಕುವಾಗ, ಹಗ್ಗ ಎಳೆಯುವಾಗ ಅವರೆಲ್ಲ ಹಾಡುತ್ತಿದ್ದ ಪದಗಳ ಸಲುವಾಗಿ ಈ ಪತ್ರ. ಕೇಳುವುದು ಒಂದೇ: ಈ ಪದಗಳನ್ನು ವೇದಿಕೆಗೆ ಕರೆಯಬೇಡಿ, ನೀವೇ ಹೊಳೆಗೆ ಬನ್ನಿ. ಬೇಗ ಬನ್ನಿ.

ಯಾಕೆ ಹೀಗೆ ಕೇಳುತ್ತಿದ್ದೇನೆ ಅಂತ ಹೇಳುತ್ತೇನೆ. ಕಳೆದ ದಸರಾ ರಜೆಗೆ ಊರಿಗೆ ಹೋಗಿದ್ದೆ. ಕಾಕಾನನ್ನು ಮನೆ ಮುಂದಿನ ಕಟ್ಟೆಯ ಮೇಲೆ ಕೂರಿಸಿ, ಮೊಬೈಲ್ ಚಾಲೂ ಮಾಡಿ, “ಕಾಕಾ, ಹೊಳಿ ದಾಟೂವಾಗಿನ ಪದ ಹಾಡ್ರಿ” ಅಂದೆ. ಅವರಿಗೆ ಎಪ್ಪತ್ತು ದಾಟಿದೆ. ಗಂಟಲು ಸರಿಮಾಡಿಕೊಂಡು ಒಂದು ಸಾಲು ಅಂದರು. ಎರಡನೆಯದು ಬರಲಿಲ್ಲ. ಮತ್ತೆ ಮೊದಲಿನಿಂದ ಎತ್ತಿಕೊಂಡರು, ಮತ್ತೆ ಅಲ್ಲೇ ನಿಂತರು. ಮೂರನೆಯ ಸಲಕ್ಕೆ ಕೈ ಆಡಿಸಿಬಿಟ್ಟರು. “ಮರ್ತ್ ಹೋಗ್ಯಾದ ಯವ್ವಾ” ಅಂದರು. ಆ ಹೊತ್ತಿನಲ್ಲಿ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಕೇಳಬಾರದ್ದನ್ನು ಕೇಳಿದೆನೇನೋ ಅನ್ನಿಸಿತು.

ಮರುದಿನ ಬೆಳಿಗ್ಗೆ ಮೀನು ಹಿಡಿಯುವ ಹುಡುಗರ ಹರಗೋಲು ದಂಡೆಯಲ್ಲಿತ್ತು. ನೀರು ಸಮಾಧಾನವಾಗಿತ್ತು. ಕಾಕಾ ತಾವಾಗಿಯೇ ಹೋಗಿ ಅದರ ಅಂಚು ಮುಟ್ಟಿ ನೋಡಿದರು, ಒಳಗೆ ಕಾಲಿಟ್ಟರು, ಹುಡುಗನ ಕೈಯಿಂದ ಹುಟ್ಟು ಇಸಕೊಂಡರು. ನಾನೂ ಹತ್ತಿದೆ. ಇಪ್ಪತ್ತು ಮಾರು ಹೋಗಿರಲಿಕ್ಕಿಲ್ಲ. ಮೊದಲು ಬರೀ ಉಸಿರಿನ ಸದ್ದು. ಹುಟ್ಟು ನೀರಿಗೆ ಇಳಿದಾಗೊಮ್ಮೆ, ಮೇಲೆದ್ದಾಗೊಮ್ಮೆ. ಆ ಉಸಿರಿಗೇ ಒಂದು ಹೂಂಕಾರ ಕೂಡಿತು, ಹೂಂಕಾರಕ್ಕೆ ರಾಗ ಕೂಡಿತು, ಹಿಂದಿನ ದಿನ ನಿಂತು ಹೋಗಿದ್ದ ಸಾಲನ್ನು ದಾಟಿಕೊಂಡು ಪದ ಹೊರಟಿತು. ಒಂದರ ಹಿಂದೆ ಒಂದು. ಎದುರು ದಂಡೆ ಹತ್ತಿರ ಬಂದು ಹುಟ್ಟು ತೊಡೆಯ ಮೇಲಿಟ್ಟುಕೊಂಡ ಕೂಡಲೇ ಪದವೂ ನಿಂತಿತು. ಮುಂದಿನದು ಏನು ಅಂತ ಕೇಳಿದರೆ ಕಾಕಾ ನಕ್ಕು ಅಂದರು: “ಅದು ಕೈಗಿ ಗೊತ್ತದ, ಬಾಯಿಗಿ ಗೊತ್ತಿಲ್ಲ.”

ನನ್ನ ಮೊಬೈಲಿನಲ್ಲಿ ಉಳಿದದ್ದು ಹನ್ನೊಂದು ನಿಮಿಷ. ಅದರಲ್ಲಿ ಗಾಳಿಯ ಸದ್ದೇ ಹೆಚ್ಚು.

ಹರಗೋಲು ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಬಿದಿರಿನ ದಬ್ಬೆ ಹೆಣೆದು ಮಾಡಿದ ದೊಡ್ಡ ಬುಟ್ಟಿ ಅದು. ಹಿಂದೆ ಹೊರಮೈಗೆ ದನದ ತೊಗಲು ಬಿಗಿಯುತ್ತಿದ್ದರು, ಈಗ ತಾಡಪತ್ರಿ ಹಾಕಿ ಡಾಂಬರು ಬಳಿಯುತ್ತಾರೆ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಬಿಟ್ಟರೆ ಬುಗುರಿಯಂತೆ ತಿರುಗುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಇದನ್ನು ಕಂಡು ಬೆರಗಾದವನು. ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ ಹೊರಗೆ ತೊಗಲು ಇರುವ ದೋಣಿಗಳು, ಹದಿನೈದು ಇಪ್ಪತ್ತು ಮಂದಿಯನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ, ಸದಾ ತಿರುಗುತ್ತಲೇ ಇರುತ್ತವೆ ಎಂದು ಬರೆದಿಟ್ಟ. ಐನೂರು ವರ್ಷದ ಹಿಂದಿನ ಆ ಬರಹ ಓದಿದಾಗ ನಮ್ಮ ಮುತ್ಯಾನ ಹರಗೋಲನ್ನೇ ಕಂಡ ಹಾಗಾಯಿತು. ಆಕಾರ ಬರೆದ, ತೊಗಲು ಬರೆದ, ಹುಟ್ಟು ಬರೆದ. ಹುಟ್ಟು ಹಾಕುವವನ ಬಾಯಲ್ಲಿ ಏನಿತ್ತು ಅನ್ನುವುದನ್ನು ಬರೆಯಲಿಲ್ಲ.

ಹರಗೋಲು ನೆಟ್ಟಗೆ ಹೋಗುವುದಿಲ್ಲವಾದ್ದರಿಂದ ದಾಟುವುದಕ್ಕೆ ಒಂದು ಲೆಕ್ಕವಿದೆ. ಈ ದಂಡೆಯಿಂದ ಎದುರಿನ ಕಟ್ಟೆಗೇ ಮುಟ್ಟಬೇಕಾದರೆ ಮೊದಲು ದಂಡೆಗುಂಟ, ನೀರಿಗೆ ಎದುರಾಗಿ, ಬಹಳ ದೂರ ಮೇಲಕ್ಕೆ ಹೋಗಬೇಕು. ಆಮೇಲೆ ಹೊಳೆಗೆ ಬಿಟ್ಟರೆ ಸೆಳವು ಕೆಳಕ್ಕೆ ಒಯ್ಯುತ್ತದೆ, ಅಂಬಿಗ ಅಡ್ಡಕ್ಕೆ ಎಳೆಯುತ್ತಾನೆ, ಇಬ್ಬರ ಜಗ್ಗಾಟದಲ್ಲಿ ಹರಗೋಲು ಓರೆಯಾಗಿ ಹೋಗಿ ಕಟ್ಟೆ ಸೇರುತ್ತದೆ. ಎಷ್ಟು ಮೇಲೆ ಹೋಗಬೇಕು ಅನ್ನುವುದು ಆ ದಿನದ ನೀರಿನ ಮೇಲೆ. ಖಾಲಿ ಹರಗೋಲಾದರೆ ಬೆನ್ನಿಗೆ ಕವುಚಿಕೊಂಡು ಹೊತ್ತು ನಡೆಯುತ್ತಾರೆ. ದೂರದಿಂದ ನೋಡಿದರೆ ಆಮೆಯೊಂದು ಎರಡು ಕಾಲ ಮೇಲೆ ನಡೆದ ಹಾಗೆ. ಜೋಳದ ಚೀಲ, ಕುರಿಮರಿ, ಮುದುಕರು ತುಂಬಿದ್ದರೆ ಹಗ್ಗ ಕಟ್ಟಿ ಎಳೆಯಬೇಕು.

ಹಗ್ಗದ ಪದ ಅಲ್ಲಿ ಹುಟ್ಟಿದ್ದು. ಮುಂದಿನವನು ಪದ ಎತ್ತುತ್ತಾನೆ, ಹಿಂದಿನವರು ಸೊಲ್ಲು ಹೊರುತ್ತಾರೆ. ಎತ್ತುವ ಸಾಲಿಗೆ ಕಾಲು ಮುಂದೆ, ಹೊರುವ ಸೊಲ್ಲಿಗೆ ಮೈಯೆಲ್ಲ ಹಗ್ಗದ ಮೇಲೆ. ಸೊಲ್ಲಿಗೆ ಅರ್ಥ ಇರಬೇಕು ಅಂತಿಲ್ಲ, ಎಲ್ಲರ ಭುಜ ಒಂದೇ ಕ್ಷಣಕ್ಕೆ ಜಗ್ಗಿದರೆ ಸಾಕು. ಎತ್ತುವ ಸಾಲು ಮಾತ್ರ ದಿನಕ್ಕೊಂದು. ಹರಗೋಲಿನಲ್ಲಿ ಕೂತ ಸಾಹುಕಾರ ಜಿಪುಣನಾದರೆ ಅವನ ಮುಂದೆಯೇ ಅವನ ಜಿಪುಣತನ ಪದದಲ್ಲಿ ಬರುತ್ತಿತ್ತಂತೆ. ನೆಲದ ಮೇಲೆ ಅಂದಿದ್ದರೆ ಏಟು ಬೀಳುತ್ತಿದ್ದ ಮಾತನ್ನು ನೀರಿನ ಮೇಲೆ ನಕ್ಕು ಸಹಿಸುತ್ತಿದ್ದರು. ಕೆಳಗೆ ಹೊಳೆ ಇತ್ತಲ್ಲ.

ನಡುಹೊಳೆಗೆ ಬಂದರೆ ಪದ ಬೇರೆ. ಅದನ್ನು ಹಾಡು ಅನ್ನುವುದೂ ಕಷ್ಟ. ಬಂಡೆಗಳ ಹೆಸರು, ಮಡುವುಗಳ ಹೆಸರು, ದಂಡೆಯ ಮೇಲಿನ ಬೇವಿನ ಮರ, ದೂರದ ಗುಡಿಯ ಶಿಖರ, ಇವನ್ನೆಲ್ಲ ಸಾಲಾಗಿ, ಒಂದೊಂದು ಹುಟ್ಟಿಗೆ ಒಂದೊಂದರಂತೆ ಕೂಗುತ್ತಾರೆ. ಚಿಕ್ಕವಳಿದ್ದಾಗ ಅವು ದೇವರ ಹೆಸರು ಅಂದುಕೊಂಡಿದ್ದೆ. ಈಗ ತಿಳಿಯುತ್ತದೆ: ಅದು ದಾರಿಯ ನಕ್ಷೆ. ಮಂಜು ಕವಿದರೂ, ಕತ್ತಲಾದರೂ ಈ ಹೆಸರು ಆದಮೇಲೆ ಆ ಹೆಸರು ಬರಬೇಕು. ಬಾರದಿದ್ದರೆ ಹರಗೋಲು ತಪ್ಪಿದೆ ಅಂತ ಅರ್ಥ. ಸುಳಿಯ ಹತ್ತಿರ ಮಾತ್ರ ಎಲ್ಲರೂ ಬಾಯಿ ಮುಚ್ಚುತ್ತಿದ್ದರು. ಆ ಮೌನವೂ ಪದದ ಒಳಗೇ ಇತ್ತು, ಇಷ್ಟು ಹುಟ್ಟಿನಷ್ಟು ಮೌನ ಅಂತ ಅದಕ್ಕೂ ಅಳತೆ ಇತ್ತು.

ಸಂಜೆ ಮರಳುವಾಗಿನದು ಇನ್ನೊಂದು. ಜನ ಇಳಿದಿರುತ್ತಾರೆ, ಹರಗೋಲು ಹಗುರ, ನೀರು ಒಯ್ದಲ್ಲಿಗೆ ಸ್ವಲ್ಪ ಹೊತ್ತು ಹೋದರೂ ನಡೆಯುತ್ತದೆ. ಆಗ ಉದ್ದನೆಯ ರಾಗ. ಅವ್ವ, ತವರು, ಹಿಂದಿನ ವರ್ಷ ಹೊಳೆ ಒಯ್ದ ಗೆಳೆಯ, ಗಂಗವ್ವ. ನಮ್ಮ ಅಮ್ಮ, ಅಂದರೆ ಮುತ್ಯಾನ ಹೆಂಡತಿ, ಒಲೆಯ ಮುಂದೆ ಕಿವಿ ಹೊರಗಿಟ್ಟುಕೊಂಡು ಕೂತಿರುತ್ತಿದ್ದಳು. ಆ ರಾಗ ಹೊಳೆಯಿಂದ ಬಂತೆಂದರೆ ಹಿಟ್ಟು ನಾದಿ ರೊಟ್ಟಿ ಬಡಿಯಲು ಶುರು. ಯಾರ ದನಿ ಬಂತು, ಯಾರದ್ದು ಬರಲಿಲ್ಲ ಅನ್ನುವುದು ಓಣಿಯ ಹೆಂಗಸರಿಗೆಲ್ಲ ಗೊತ್ತಾಗುತ್ತಿತ್ತು. ಹಾಡಿದವರು ಗಂಡಸರು, ನಿಜ. ಆದರೆ ಪೂರ್ತಿ ನೆನಪಿಟ್ಟವರು ದಂಡೆಯಲ್ಲಿ ಕೇಳುತ್ತ ಕೂತ ಹೆಂಗಸರೂ ಇದ್ದಾರೆ. ದಾಖಲಿಸಲು ಬರುವವರು ಅವರನ್ನು ಮರೆಯಬಾರದು.

ಪದಗಳ ಸಾಲುಗಳನ್ನು ನಾನು ಇಲ್ಲಿ ಬರೆದಿಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಕಾಗದದ ಮೇಲೆ ಇಳಿಸಿ ನೋಡಿದೆ. ಹಗ್ಗದ ಪದ ಬರೀ “ಐಸಾ” ಆಗಿ ಉಳಿಯಿತು, ನಡುಹೊಳೆಯದು ಹೆಸರುಗಳ ಪಟ್ಟಿಯಾಯಿತು. ಅದನ್ನು ಓದಿದವರು ಇದರಲ್ಲೇನಿದೆ ಅನ್ನುತ್ತಾರೆ. ಅದರಲ್ಲಿ ಇದ್ದದ್ದು ಭುಜ, ಉಸಿರು, ಸೆಳವು.

ಕೆಲಸ ಹೇಗೋ ಪದ ಹಾಗೆ ಅನ್ನುವುದಕ್ಕೆ ಬಂಗಾಳವನ್ನು ನೋಡಬಹುದು. ಅಲ್ಲಿ ಭಾಟಿಯಾಲಿ ಇದೆ. ಹರಿವಿನ ಜೊತೆ ಕೆಳಕ್ಕೆ ಸಾಗುವ ಒಂಟಿ ಅಂಬಿಗನ ಹಾಡು. ಕೈಗೆ ಹೆಚ್ಚು ಕೆಲಸವಿಲ್ಲ, ಹಾಗಾಗಿ ದನಿ ಎಷ್ಟು ಬೇಕಾದರೂ ಉದ್ದ ಹೋಗುತ್ತದೆ, ತಾಳದ ಹಂಗಿಲ್ಲ. ಅದೇ ನೀರಿನ ಮೇಲೆ ಹತ್ತಾರು ಜನ ಕೂಡಿ ಹುಟ್ಟು ಹಾಕುವಾಗ ಸಾರಿ ಗಾನ. ಚುರುಕು ತಾಳ, ಸೊಲ್ಲಿಗೆ ಮರುಸೊಲ್ಲು. ನಮ್ಮ ಮರಳುವ ಪದಕ್ಕೂ ಹಗ್ಗದ ಪದಕ್ಕೂ ಇರುವ ವ್ಯತ್ಯಾಸ ಇದೇ ಅಲ್ಲವೇ. ಕೇರಳದಲ್ಲಿ ವಂಚಿಪ್ಪಾಟ್ಟು ಇಂದಿಗೂ ಆರನ್ಮುಳದ ದೋಣಿಗಳಲ್ಲಿ ಕೇಳಿಸುತ್ತದೆ, ಯಾಕೆಂದರೆ ಸರಕು ಸಾಗಣೆ ನಿಂತರೂ ಅಲ್ಲಿ ದೇವಸ್ಥಾನದ ದೋಣಿಯಾಟ ನಿಲ್ಲಲಿಲ್ಲ. ಕೈಗೆ ಹುಟ್ಟು ಉಳಿಯಿತು, ಪದವೂ ಉಳಿಯಿತು. ರಷ್ಯಾದ ವೋಲ್ಗಾ ದಂಡೆಯಲ್ಲಿ ಎದೆಗೆ ಪಟ್ಟಿ ಕಟ್ಟಿಕೊಂಡು ಸರಕಿನ ದೋಣಿ ಎಳೆಯುತ್ತಿದ್ದ ಬುರ್ಲಾಕರ ಪದವೊಂದನ್ನು ಬಾಲಾಕಿರೆವ್ ಎಂಬ ಸಂಗೀತಗಾರ ಬರೆದುಕೊಂಡು 1866ರಲ್ಲಿ ಅಚ್ಚು ಹಾಕಿಸಿದ. ಉಗಿ ದೋಣಿ ಬಂದು ಬುರ್ಲಾಕರು ಮರೆಯಾದರು. ಅವರ ದನಿಯನ್ನು ಇವತ್ತು ಜಗತ್ತೇ ಗುರುತಿಸುತ್ತದೆ. ಹೊತ್ತಿಗೆ ಸರಿಯಾಗಿ ಒಬ್ಬ ಮನುಷ್ಯ ದಂಡೆಗೆ ಹೋಗಿದ್ದ, ಅಷ್ಟೇ.

ನಮ್ಮ ಕೃಷ್ಣೆಯನ್ನೇ ನೋಡಿ. ಕೆಳಗೆ ಬೆಜವಾಡದಲ್ಲಿ, ಅಂದರೆ ಈಗಿನ ವಿಜಯವಾಡದಲ್ಲಿ, 1855ರಲ್ಲಿ ಆಣೆಕಟ್ಟು ಮುಗಿದ ಮೇಲೆ ಕಾಲುವೆಗಳಲ್ಲಿ ಸರಕಿನ ದೋಣಿಗಳು ಓಡಿದವು, ಬಕಿಂಗ್‌ಹ್ಯಾಮ್ ಕಾಲುವೆ ಹಿಡಿದು ಮದರಾಸಿನ ತನಕ ಹೋದವು. ದಂಡೆಯ ಮೇಲೆ ಹಗ್ಗ ಹಿಡಿದು ಆಳುಗಳು ಎಳೆಯುತ್ತಿದ್ದರು. ನಮ್ಮ ಭಾಗದಲ್ಲಿ ಕಾಲುವೆ ಬಂದದ್ದು ಗದ್ದೆಗಾಗಿ, ದೋಣಿಗಾಗಿ ಅಲ್ಲ. ನಮ್ಮ ಅಂಬಿಗರ ಪಾಲಿಗೆ ಉಳಿದದ್ದು ಹೊಳೆ ಒಂದೇ. 1982ರಲ್ಲಿ ನಾರಾಯಣಪುರದ ಬಸವಸಾಗರ ಆಣೆಕಟ್ಟು ಮುಗಿದ ಮೇಲೆ ಆ ಹೊಳೆಯ ಮರ್ಜಿಯೂ ಬದಲಾಯಿತು. ಮುತ್ಯಾನ ಕಾಲದಲ್ಲಿ ಆಷಾಢದ ಹೊಸ ನೀರಿಗೆ ಗಂಗವ್ವನ ಉಡಿ ತುಂಬಿ ಮೊದಲ ಹರಗೋಲು ಬಿಡುತ್ತಿದ್ದರು, ಅದಕ್ಕೊಂದು ಪದ ಇತ್ತು. ಈಗ ನೀರು ಬರುವುದು ಗೇಟು ತೆಗೆದಾಗ. ಉಡಿ ತುಂಬುವ ದಿನ ಯಾವುದು ಅಂತ ಹೇಳುವವರಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಸೇತುವೆ ಬೇಡ, ಹರಗೋಲೇ ಇರಲಿ ಅಂತ ನಾನು ಎಂದೂ ಹೇಳುವವಳಲ್ಲ. 2013ರಲ್ಲಿ ನಮ್ಮ ತಾಲ್ಲೂಕಿನ, ಹೊಳೆ ನಡುವಿನ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯಿಂದ ಒಂಬತ್ತು ತಿಂಗಳ ಬಸುರಿಯೊಬ್ಬಳು ಸೋರೆಬುರುಡೆ, ಕುಂಬಳಕಾಯಿ ಮೈಗೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದಳು. ಆ ಹೊತ್ತಿನ ಹೊಳೆಗೆ ಹರಗೋಲು ಬಿಡುವ ಧೈರ್ಯ ಯಾವ ಅಂಬಿಗನಿಗೂ ಇರಲಿಲ್ಲ. ಆ ಸುದ್ದಿ ಓದಿದ ದಿನ ನಮ್ಮ ಕಾಕಾ ಊಟ ಮಾಡಲಿಲ್ಲ. ದಾಟಿಸುವುದು ನಮ್ಮ ಕಸುಬು, ದಾಟಿಸಲಾಗದೆ ಹೋಯಿತಲ್ಲ ಅನ್ನುವ ಸಂಕಟ ಅದು. ಗಡ್ಡಿಯ ಜನಕ್ಕೆ ಗಟ್ಟಿ ಸೇತುವೆ ಬೇಕು, ಆಸ್ಪತ್ರೆ ಬೇಕು, ಶಾಲೆ ಬೇಕು. ಹರಗೋಲು ಹೋಗಲಿ. ಅದರ ಮೇಲಿದ್ದ ಪದ ಯಾಕೆ ಹೋಗಬೇಕು?

ಹಂತಿ ಪದಗಳನ್ನು ನೆನೆಯುತ್ತೇನೆ. ಕಣದಲ್ಲಿ ಇಡೀ ರಾತ್ರಿ ಎತ್ತು ತಿರುಗಿಸುತ್ತ ಹಾಡುತ್ತಿದ್ದವು. ರಾಶಿ ಮಾಡುವ ಯಂತ್ರ ಬಂತು, ಹಂತಿ ನಿಂತಿತು. ಆದರೆ ಹಂತಿ ಪದ ಪುಸ್ತಕಗಳಲ್ಲಿದೆ, ಆಕಾಶವಾಣಿಯಲ್ಲಿ ಬಂದಿದೆ, ಹಾಡುವ ಮೇಳಗಳಿವೆ. ಭೀಮಾ ಸೀಮೆಯ ಹಲಸಂಗಿ ಗೆಳೆಯರು 1930ರ ದಶಕದ ಮೊದಲಲ್ಲೇ ಬೀಸುವ ಕಲ್ಲಿನ ಮುಂದಿನ ಹೆಂಗಸರ ತ್ರಿಪದಿಗಳನ್ನು ಕೂಡಿಸಿ ಅಚ್ಚು ಮಾಡಿದರು. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳದೆ ಇದ್ದಿದ್ದರೆ ನಾನು ಇವತ್ತು ತರಗತಿಯಲ್ಲಿ ಏನು ಕಲಿಸುತ್ತಿದ್ದೆ? ನನ್ನ ಕಪಾಟಿನಲ್ಲಿರುವ ಜನಪದ ಗೀತೆಗಳ ಸಂಗ್ರಹಗಳಲ್ಲಿ ಬೀಸುವ ಪದ, ಕುಟ್ಟುವ ಪದ, ಸೋಬಾನ, ಹಂತಿ, ಡೊಳ್ಳು, ಮೊಹರಂ ಎಲ್ಲಕ್ಕೂ ಜಾಗವಿದೆ. ಹರಗೋಲಿನ ಪದಕ್ಕೆ ಎರಡು ಪುಟ ಹುಡುಕುವುದೂ ಕಷ್ಟವಾಯಿತು. ಕಣ ಪ್ರತಿ ಊರಿನಲ್ಲಿತ್ತು, ಬೀಸುವ ಕಲ್ಲು ಪ್ರತಿ ಮನೆಯಲ್ಲಿತ್ತು. ಹರಗೋಲು ಹೊಳೆಯ ಮೇಲಿತ್ತು, ಅಲ್ಲಿಗೆ ಯಾರು ಹೋಗಬೇಕು.

ಪ್ರತಿ ವರ್ಷ ಜನವರಿ 21ರಂದು ಅಂಬಿಗರ ಚೌಡಯ್ಯನವರ ಜಯಂತಿ ನಡೆಯುತ್ತದೆ. ಹನ್ನೆರಡನೆಯ ಶತಮಾನದ ಆ ಶರಣರು ತಮ್ಮ ಕಸುಬನ್ನೂ ಹೆಸರನ್ನೂ ಕೂಡಿಸಿ ವಚನಗಳ ಅಂಕಿತ ಮಾಡಿಕೊಂಡವರು. ಬೇರೆಯವರು ದೇವರ ಹೆಸರಿಟ್ಟ ಜಾಗದಲ್ಲಿ ಅವರು ಅಂಬಿಗನನ್ನು ಇಟ್ಟರು. ಜಯಂತಿಗೆ ನಾನು ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಮೆರವಣಿಗೆ, ಭಾಷಣ, ವಚನ ಗಾಯನ ಎಲ್ಲ ಚಂದ. ಆ ದಿನ ಒಬ್ಬ ಅಂಬಿಗ ಎದ್ದು ನಿಂತು ಹುಟ್ಟು ಹಾಕುವ ಪದ ಎತ್ತಿದ್ದನ್ನು ಮಾತ್ರ ನಾನು ಒಮ್ಮೆಯೂ ಕೇಳಿಲ್ಲ.

ಒಮ್ಮೆ ಕಾಕಾನಿಗೆ ಕಲಾವಿದರ ಮಾಸಾಶನ ಸಿಗಬಹುದು ಅಂತ ಯಾರೋ ಹೇಳಿದರು. ಅರ್ಜಿ ತುಂಬಿಕೊಂಡು ನಾನೇ ಒಂದು ಕಚೇರಿಗೆ ಕರೆದುಕೊಂಡು ಹೋದೆ. ತಂಡದ ಹೆಸರು ಕೇಳಿದರು. ತಂಡ ಇರಲಿಲ್ಲ. ಕಾರ್ಯಕ್ರಮ ಕೊಟ್ಟ ಪ್ರಮಾಣಪತ್ರ ಕೇಳಿದರು, ವೇದಿಕೆಯ ಮೇಲಿನ ಫೋಟೊ ಕೇಳಿದರು, ವಾದ್ಯ ಯಾವುದು ಅಂತ ಕೇಳಿದರು. ಕಾಕಾ “ಹುಟ್ಟು” ಅಂದರು. ಟೇಬಲ್ಲಿನ ಆಚೆ ಇದ್ದವರಿಗೆ ಅರ್ಥವಾಗಲಿಲ್ಲ, ಮತ್ತೆ ಕೇಳಿದರು. ಕಾಕಾ ಮತ್ತೆ ಅದನ್ನೇ ಹೇಳಲಿಲ್ಲ. ಎದ್ದು ಬಂದೆವು. ಅಲ್ಲಿದ್ದವರು ಕೆಟ್ಟವರೇನಲ್ಲ, ನೀರು ಕೊಟ್ಟು ಕೂರಿಸಿದ್ದರು. ಅವರ ಮುಂದಿದ್ದ ಫಾರಂನಲ್ಲಿ ಹೊಳೆಗೆ ಜಾಗ ಇರಲಿಲ್ಲ. ಆ ಜಾಗ ಮಾಡಿಕೊಡಬಲ್ಲವರು ನೀವು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನೀವು ಬರುವುದಾದರೆ ಹೇಗೆ ಬರಬೇಕು ಅಂತಲೂ ಹೇಳುತ್ತೇನೆ, ಅಧಿಕಪ್ರಸಂಗ ಅನ್ನಬೇಡಿ. ದೀಪಾವಳಿ ಆದಮೇಲೆ, ಸಂಕ್ರಾಂತಿಯ ಒಳಗೆ ಬನ್ನಿ. ಮಳೆಗಾಲದಲ್ಲಿ ಮುದುಕರನ್ನು ಹೊಳೆಗೆ ಇಳಿಸಬಾರದು, ಬೇಸಿಗೆಯಲ್ಲಿ ಆಣೆಕಟ್ಟಿನ ಕೆಳಗೆ ಬಂಡೆಯೇ ಹೆಚ್ಚು, ನೀರು ಕಡಿಮೆ. ತಿಂಥಣಿ, ಕೊಳ್ಳೂರು ಕಡೆ ಕೃಷ್ಣೆಗೆ ಒಂದು ಗುಂಪು, ಗಾಣಗಾಪುರದಿಂದ ಸನ್ನತಿ ದಾಟಿ ಯಾದಗಿರಿಯ ತನಕ ಭೀಮೆಗೆ ಇನ್ನೊಂದು ಗುಂಪು ಹೋಗಲಿ. ಎರಡು ಹೊಳೆಯ ನಡೆ ಬೇರೆ, ಪದವೂ ಬೇರೆ ಇರಲೇಬೇಕು. ಗಾಳಿ ತಡೆಯುವ ಒಳ್ಳೆಯ ಮೈಕು ತನ್ನಿ. ಹಾಡುವವನ ಅಂಗಿಗೇ ಸಿಕ್ಕಿಸುವಂಥದ್ದಿರಲಿ, ಹುಟ್ಟು ನೀರಿಗೆ ಬೀಳುವ ಸದ್ದೂ ಅದರಲ್ಲಿ ಬರಲಿ. ಆ ಸದ್ದನ್ನು ತೆಗೆದು ಶುದ್ಧ ಮಾಡಬೇಡಿ, ತಾಳ ಇರುವುದು ಅದರಲ್ಲೇ. ಮೇಲೊಂದು ವೀಡಿಯೊ ಇರಲಿ, ಕೈ ಕಾಣಬೇಕು. ಹಗ್ಗದ ಪದ ಬೇಕಾದರೆ ನಿಜವಾಗಿ ಹೊರೆ ಹಾಕಿ ಹಗ್ಗ ಎಳೆಸಿ, ಆದರೆ ಎಳೆಯುವವರು ಊರಿನ ಹುಡುಗರಾಗಿರಲಿ, ಮುದುಕರು ಎತ್ತಿಕೊಡಲಿ. ಹುಡುಗರ ಭುಜಕ್ಕೆ ಪದ ದಾಟುವ ದಾರಿಯೂ ಅದೇ. ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ. ಆ ದಿನದ ಕೂಲಿ, ಮಾಡಿದವರಿಗೆಲ್ಲ, ಆ ದಿನವೇ ಕೊಡಿ.

ಸಮವಸ್ತ್ರ ಬೇಡ. ಪೇಟ, ಹಳದಿ ರುಮಾಲು, ಗೆಜ್ಜೆ ಯಾವುದೂ ಬೇಡ. ಐದು ನಿಮಿಷದಲ್ಲಿ ಮುಗಿಸಿ ಅನ್ನಬೇಡಿ. ಹೊಳೆ ದಾಟುವುದಕ್ಕೆ ಎಷ್ಟು ಹೊತ್ತು ಬೇಕೋ ಪದವೂ ಅಷ್ಟು ಹೊತ್ತಿನದು.

ದಾಖಲಿಸಿದ್ದರ ಒಂದು ಪ್ರತಿ ಆ ಊರಿನ ಶಾಲೆಯಲ್ಲಿ ಇರಲಿ, ಒಂದು ಹಾಡಿದವರ ಮನೆಯಲ್ಲಿ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೂ ಕಲಬುರಗಿಯ ಆಕಾಶವಾಣಿಗೂ ಹೋಗಲಿ, ಬಹಳ ಸಂತೋಷ. ಆದರೆ ಮೊದಲು ದಂಡೆಯಲ್ಲಿರಲಿ. ಮತ್ತು ಕಚೇರಿಯ ಆ ಫಾರಂನಲ್ಲಿ ತಂಡದ ಹೆಸರು ಕೇಳುವ ಕಡೆ ಕಸುಬಿನ ಹೆಸರು ಬರೆಯಲು ಒಂದು ಗೆರೆ ಬಿಡಿಸಿಕೊಡಿ. ಒಂದೇ ಗೆರೆ. ಅದು ಅಂಬಿಗರಿಗಷ್ಟೇ ಅಲ್ಲ, ಕಪಿಲೆ ಹೊಡೆದು ಬಾವಿಯ ನೀರು ಎತ್ತಿದವರಿಗೂ, ಗೋಡೆ ಬಡಿದವರಿಗೂ, ಕೆಲಸದಲ್ಲಿ ಹಾಡಿದ ಎಲ್ಲರಿಗೂ ಆದೀತು.

ಹೊಳೆ ದಂಡೆಯ ನಮ್ಮವರಿಗೂ ಒಂದು ಮಾತು. ನಿಮ್ಮ ಮನೆಯಲ್ಲಿ ಹುಟ್ಟು ಹಿಡಿದ ಮುದುಕರಿದ್ದರೆ ಅಕಾಡೆಮಿಗಾಗಿ ಕಾಯಬೇಡಿ. ಕಟ್ಟೆಯ ಮೇಲೆ ಕೂರಿಸಿ ಕೇಳಬೇಡಿ, ನಾನು ಆ ತಪ್ಪು ಮಾಡಿದ್ದೇನೆ. ಕೈಗೊಂದು ಹುಟ್ಟು ಕೊಡಿ. ಹರಗೋಲು ಸಿಗದಿದ್ದರೆ ಹಗ್ಗ ಕೊಡಿ, ಹಗ್ಗದ ಇನ್ನೊಂದು ತುದಿ ನೀವು ಹಿಡಿಯಿರಿ. ಮೊಬೈಲಿಗೆ ತೆಳ್ಳನೆಯ ಅರಿವೆ ಸುತ್ತಿದರೆ ಗಾಳಿಯ ಸದ್ದು ಕಡಿಮೆಯಾಗುತ್ತದೆ, ಇದು ಆಮೇಲೆ ಕಲಿತದ್ದು. ಪದದಲ್ಲಿ ಬರುವ ಬಂಡೆ ಯಾವುದು, ಮಡುವು ಎಲ್ಲಿದೆ ಅಂತ ಕೇಳಿ ಬರೆದುಕೊಳ್ಳಿ. ಆ ಹೆಸರುಗಳು ಬೇರೆ ಯಾವ ನಕ್ಷೆಯಲ್ಲೂ ಇರಲಿಕ್ಕಿಲ್ಲ.

2019ರ ಪ್ರವಾಹದಲ್ಲಿ ಕಾಕಾನ ಹರಗೋಲು ಕೊಚ್ಚಿ ಹೋಗಿತ್ತು. ಆಮೇಲೆ ಹೊಸದು ಮಾಡಿಸಿರಲಿಲ್ಲ, ಯಾರಿಗಾಗಿ ಅನ್ನುತ್ತಿದ್ದರು. ಹೋದ ತಿಂಗಳು ಫೋನ್ ಮಾಡಿದಾಗ ಬಿದಿರು ತರಿಸಿದ್ದೇನೆ ಅಂದರು. ದಬ್ಬೆ ಸೀಳಿ ನೀರಲ್ಲಿ ನೆನೆಹಾಕಿದ್ದಾರಂತೆ. ಹೆಣೆಯಲು ಓಣಿಯ ಇಬ್ಬರು ಹುಡುಗರು ಸಂಜೆ ಹೊತ್ತು ಬಂದು ಕೂಡುತ್ತಿದ್ದಾರಂತೆ. ಡಾಂಬರು ಹಚ್ಚಿ ಒಣಗುವ ಹೊತ್ತಿಗೆ ದೀಪಾವಳಿ ಬರುತ್ತದೆ. “ಅಕಾಡೆಮಿಯವ್ರು ಬರ್ತಾರೇನ?” ಅಂತ ಕೇಳಿದರು. ಪತ್ರ ಬರೆಯುತ್ತೇನೆ ಅಂತ ಹೇಳಿದ್ದೆ, ಬರೆದಿದ್ದೇನೆ.

ಇಂತಿ,
ಕೃಷ್ಣಾ ದಂಡೆಯ ಅಂಬಿಗರ ಮಗಳು
ಯಾದಗಿರಿ